ಸೋಣೆ ತಿಂಗಳಲ್ಲಿ ಪಾರೆ ಹತ್ತಿ ನೋಡಿರಿ

ಹೂವು ನೋಡಬೇಕಾದರೆ ಎಲ್ಲಿಗೆ ಹೋಗಬೇಕು ಎಂದು ಪರವೂರಿನವರು ಕೇಳಿದರೆ ಗಂಗೊಳ್ಳಿ ಸುತ್ತಿನ ನಾವೆಲ್ಲ ಹೆಮ್ಮಾಡಿಯ ಕಡೆಗೆ ಕೈ ತೋರಿಸುತ್ತೇವೆ. ತಪ್ಪೇನಿಲ್ಲ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆಂದು ಅಲ್ಲಿಯ ರೈತರು ಬೆಳೆಯುವ ಸೇವಂತಿಗೆಯ ಗದ್ದೆಗಳು ಜನವರಿಯಲ್ಲಿ ಹಳದಿ ಬಟ್ಟೆ ಹಾಸಿದಂತೆ ಇರುತ್ತವೆ. ನೋಡುವವರಿಗೆ ಚೆಂದ, ಬೆಳೆದವರಿಗೆ ನಾಲ್ಕು ಕಾಸೂ ಉಂಟು. ಆದರೆ ಯಾರೂ ಬಿತ್ತದ, ಗೊಬ್ಬರ ಹಾಕದ, ನೀರು ಕಟ್ಟದ ಹೂವಿನ ಗದ್ದೆಯೂ ನಮ್ಮಲ್ಲಿ ಉಂಟು. ಅದನ್ನು ತೋರಿಸುವವರು ಕಡಿಮೆ. ಏಕೆಂದರೆ ಅದು ಇರುವುದು ನಾವು ‘ಪಾಳು ಜಾಗ’ ಎಂದು ಕರೆಯುವಲ್ಲಿ, ಮುರಕಲ್ಲಿನ ಪಾರೆಯ ಮೇಲೆ.

ಪಾರೆಯೆಂದರೆ ಯಾವುದು ಎಂದು ಈ ಪುಟದ ಓದುಗರಿಗೆ ವಿವರಿಸಬೇಕಾಗಿಲ್ಲ. ಗುಡ್ಡದ ನೆತ್ತಿಯಲ್ಲಿ ಮರವಿಲ್ಲದೆ, ಬೋಳಾಗಿ, ಬೇಸಗೆಯಲ್ಲಿ ಬರಿಗಾಲು ಊರಲಾಗದಂತೆ ಕಾದು ಕರಿಯಾಗಿ ಬಿದ್ದಿರುವ ಬಂಡೆ ಹಾಸು. ಉತ್ತರೆ ಹಾಕಲು ಬಾರದು, ಗುಂಡಿ ತೋಡಲು ಬಾರದು. ಹೆಚ್ಚೆಂದರೆ ಹುಲ್ಲು ಒಣಗಿಸಲು, ಮಕ್ಕಳು ಕ್ರಿಕೆಟ್ ಆಡಲು ಆದೀತು. 1801ರಲ್ಲಿ ನಮ್ಮ ಕುಂದಾಪುರದ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ, ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಕೊಯ್ದು ಇಟ್ಟಿಗೆಯಂತೆ ಗೋಡೆ ಕಟ್ಟುವುದನ್ನು ಕಂಡಿದ್ದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದಲೇ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಕಲ್ಲಿನ ಹೆಸರಿನಲ್ಲೇ ಅದರ ಉಪಯೋಗವೂ ಸೇರಿಕೊಂಡುಬಿಟ್ಟಿತು. ಅಂದಿನಿಂದ ಇಂದಿನವರೆಗೂ ಪಾರೆಯನ್ನು ಕಂಡವರ ಕಣ್ಣಿಗೆ ಮೊದಲು ಕಾಣುವುದು ಎಷ್ಟು ಕಲ್ಲು ಏಳುತ್ತದೆ ಎಂಬ ಲೆಕ್ಕ.

ಆ ಲೆಕ್ಕವನ್ನು ಒಂದು ಘಳಿಗೆ ಬದಿಗಿಟ್ಟು ನಿಮ್ಮ ಮನೆಯ ಹೊಸ್ತಿಲನ್ನು ನೆನಪು ಮಾಡಿಕೊಳ್ಳಿರಿ. ಸೋಣೆ ತಿಂಗಳಿಡೀ ನಮ್ಮ ಹೆಂಗಸರು ಹೊಸ್ತಿಲಿಗೆ ಶೇಡಿ ಬರೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಅದೇ ಶ್ರಾವಣದಲ್ಲಿ ಗಂಗೊಳ್ಳಿಯ ಕೊಂಕಣಿ ಮನೆಗಳಲ್ಲಿ ಚೂಡಿ ಪೂಜೆ. ಗರಿಕೆಯ ಜೊತೆಗೆ ಮಳೆಗಾಲದ ಸಣ್ಣ ಸಣ್ಣ ಹೂವುಗಳನ್ನೂ ಎಲೆಗಳನ್ನೂ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ಪೇಟೆಯಿಂದ ತಂದ ಹೂವಿಗೆ ಇಲ್ಲಿ ಹೆಚ್ಚು ಮಾನವಿಲ್ಲ. ಅಗಳಿನ ಬದಿ, ಗದ್ದೆ ಅಂಚು, ಗುಡ್ಡದ ಹೂವೇ ಬೇಕು. ಶೇಡಿ ಎಲ್ಲಿಯದು? ಮುರಕಲ್ಲಿನ ಅಡಿಯಲ್ಲಿ ಸಿಗುವ ಬಿಳಿ ಜೇಡಿ ಮಣ್ಣು ಅದು. ಹೊಸ್ತಿಲಿನ ಗೆರೆ ಪಾರೆಯ ಕೆಳಗಿನದು, ಹೂವು ಪಾರೆಯ ಮೇಲಿನದು. ನಮ್ಮ ಅಜ್ಜಿಯಂದಿರಿಗೆ ಇದು ಸಹಜವಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಬುಟ್ಟಿ ಕೊಟ್ಟು ನಮ್ಮನ್ನು ಗುಡ್ಡಕ್ಕೆ ಅಟ್ಟುತ್ತಿದ್ದುದು ಅವರೇ.

ಯಾವಾಗ ಹೋಗಬೇಕು?

ಇದಕ್ಕೆ ಕ್ಯಾಲೆಂಡರಿಗಿಂತ ಮಳೆ ನಕ್ಷತ್ರದ ಲೆಕ್ಕವೇ ಒಳ್ಳೆಯದು. ಮೃಗಶಿರ, ಆರ್ದ್ರೆಯಲ್ಲಿ ಪಾರೆಗೆ ಹೋಗಿ ಪ್ರಯೋಜನವಿಲ್ಲ. ಆಗ ಹಸಿರು ಚಿಗುರುವುದಷ್ಟೇ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ನಮ್ಮ ಸೀಮೆಯಲ್ಲಿ ಅದರ ಹೆಚ್ಚಿನ ಪಾಲು ಆಷಾಢ ಮುಗಿಯುವುದರೊಳಗೆ ಸುರಿದುಬಿಡುತ್ತದೆ. ಆ ಹೊಡೆತದಲ್ಲಿ ಹೂವು ಅರಳಿದರೂ ನಿಲ್ಲದು. ಆಶ್ಲೇಷ ಕಳೆದು ಮಘೆ ಹಿಡಿಯುವಾಗ, ಅಂದರೆ ಆಗಸ್ಟ್ 17ರ ಸುಮಾರಿಗೆ, ಮಳೆಯ ನಡುವೆ ಬಿಸಿಲು ಇಣುಕಲು ಸುರುವಾಗುತ್ತದೆ. ಮಘೆ, ಹುಬ್ಬೆ, ಉತ್ತರೆ ಈ ಮೂರು ಮಳೆಯ ಕಾಲ ಪಾರೆಯ ಹಬ್ಬ. ಹಸ್ತ ಮಳೆಗೆ ನೀರು ಆರುತ್ತಾ ಬರುತ್ತದೆ, ಹುಲ್ಲು ಕೆಂಪಾಗುತ್ತದೆ. ಚಿತ್ತೆಗೆ ಹೋದವರಿಗೆ ಬೀಜ ಮಾತ್ರ ಸಿಕ್ಕೀತು.

ಗದ್ದೆ ಕೆಲಸದವರಿಗೆ ಇದು ಅನುಕೂಲದ ಸಮಯವೇ. ನಾಟಿ ಮುಗಿದಿರುತ್ತದೆ, ಕಳೆ ತೆಗೆದಾಗಿರುತ್ತದೆ, ಕೊಯ್ಲಿಗೆ ಇನ್ನೂ ದಿನವಿರುತ್ತದೆ. ಬಿಸಿಲು ಬಿದ್ದ ದಿನ ಬೆಳಿಗ್ಗೆ ಒಂಬತ್ತು ಗಂಟೆಯ ಮೇಲೆ ಹೋಗಿರಿ. ತೀರ ಬೇಗ ಹೋದರೆ ಹಲವು ಹೂವುಗಳು ಕಣ್ಣು ಬಿಟ್ಟಿರುವುದಿಲ್ಲ, ತೀರ ತಡವಾದರೆ ಕೆಲವು ಬಾಡಿರುತ್ತವೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಕೈಯಲ್ಲಿ ಒಂದು ಕೋಲಿರಲಿ.

ಏನನ್ನು ನೋಡಬೇಕು?

ನಿಂತು ನೋಡಿದರೆ ಏನೂ ಕಾಣದು ಎಂದು ಮೊದಲೇ ಹೇಳಿಬಿಡುತ್ತೇನೆ. ದೂರದಿಂದ ನೀಲಿಯ ಮಸುಕು, ಬಿಳಿಯ ಚುಕ್ಕೆ, ಅಷ್ಟೇ. ಕುಕ್ಕರುಗಾಲಿನಲ್ಲಿ ಕೂರಬೇಕು. ಪಾರೆಯ ಮೇಲೆ ಒಂದಂಗುಲ ಮಣ್ಣು, ಅದರ ಮೇಲೆ ಬೆರಳು ಮುಳುಗದಷ್ಟು ನೀರು ತೆಳ್ಳಗೆ ಹರಿಯುವ ಜಾಗ ಇರುತ್ತದಲ್ಲ, ಅಲ್ಲಿ ಕೂರಿರಿ. ಗುಂಡುಸೂಜಿಯ ತಲೆಯಂತಿರುವ ಬಿಳಿ ಹೂವುಗಳು ಸಾವಿರಗಟ್ಟಲೆ ನಿಂತಿರುತ್ತವೆ. ಸಸ್ಯಶಾಸ್ತ್ರದವರು ಇವನ್ನು ಎರಿಯೊಕಾಲಾನ್ ಎನ್ನುತ್ತಾರೆ. ನಡುನಡುವೆ ನೀಲಿ ನೇರಳೆ ಬಣ್ಣದ, ಹಿಂದಕ್ಕೆ ಕೊಕ್ಕೆಯಂತೆ ಬಾಲವಿರುವ ಪುಟ್ಟ ಹೂವು ಯುಟ್ರಿಕ್ಯುಲೇರಿಯ. ಇದರ ಒಂದು ಜಾತಿ ಭತ್ತದ ಗದ್ದೆಯಲ್ಲೂ ಪೈರಿಗೆ ಸುತ್ತಿಕೊಂಡು ಅರಳುವುದುಂಟು, ನೀವು ಖಂಡಿತ ನೋಡಿರುತ್ತೀರಿ. ಕಣ್ಣೂರು, ಕಾಸರಗೋಡಿನ ಕಡೆ ಮಲಯಾಳಿಗಳು ಇದನ್ನು ಕಾಗೆಹೂವು ಎಂದು ಕರೆದು ಓಣಂ ರಂಗವಲ್ಲಿಗೆ ಇಡುತ್ತಾರೆ. ಅಲ್ಲಿಯ ಮಾಡಾಯಿ ಪಾರೆ ಈ ಹೂವಿನಿಂದ ನೀಲಿಯಾಗುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ.

ಈ ಗಿಡದ ಸಂಗತಿ ರೈತನಿಗೆ ಸ್ವಾರಸ್ಯವಾದದ್ದು. ಗದ್ದೆಗೆ ಯೂರಿಯ ಹಾಕದಿದ್ದರೆ ಪೈರು ಹಳದಿಯಾಗುವುದನ್ನು ಬಲ್ಲ ನಿಮಗೆ ಒಂದು ಪ್ರಶ್ನೆ ಬರಬೇಕು: ಸಾರಜನಕವೇ ಇಲ್ಲವೆನ್ನುವಷ್ಟು ಬಡವಾದ, ಮಳೆಗೆ ತೊಳೆದುಹೋದ ಈ ಕಲ್ಲಿನ ಮೇಲೆ ಇವು ಬದುಕುವುದು ಹೇಗೆ? ಉತ್ತರ ನೀರಿನಡಿಯಲ್ಲಿದೆ. ಯುಟ್ರಿಕ್ಯುಲೇರಿಯದ ಬುಡದ ಎಳೆಗಳಲ್ಲಿ ರಾಗಿಕಾಳಿಗಿಂತ ಸಣ್ಣ ಚೀಲಗಳಿರುತ್ತವೆ. ಪ್ರತಿ ಚೀಲಕ್ಕೆ ಒಂದು ಬಾಗಿಲು, ಬಾಗಿಲಿಗೆ ಕೂದಲು. ನೀರಿನಲ್ಲಿ ಈಜುವ ಕಣ್ಣಿಗೆ ಕಾಣದ ಜೀವಿ ಆ ಕೂದಲಿಗೆ ತಾಗಿತೋ, ರೆಪ್ಪೆ ಬಡಿಯುವುದಕ್ಕಿಂತ ಬೇಗ ಬಾಗಿಲು ತೆರೆದು ನೀರಿನೊಂದಿಗೆ ಅದನ್ನು ಒಳಗೆ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಮೀನು ಹಿಡಿಯುವ ಕೂಳಿಯಂತೆ, ಒಳಹೋದದ್ದಕ್ಕೆ ಹೊರದಾರಿ ಇಲ್ಲ. ಅದೇ ಅದರ ಗೊಬ್ಬರ. ಪಕ್ಕದಲ್ಲೇ ಕೆಂಪು ಕೂದಲಿನ ಎಲೆಗಳ ತುದಿಯಲ್ಲಿ ಇಬ್ಬನಿ ನಿಂತಂತೆ ಮಿನುಗುವ ಇನ್ನೊಂದು ಗಿಡ ಕಂಡೀತು, ಡ್ರೊಸೆರ. ಅದು ಇಬ್ಬನಿಯಲ್ಲ, ಅಂಟು. ಕೂತ ನೊಣ ಏಳುವುದಿಲ್ಲ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟ ತಿನ್ನುವ ಗಿಡಗಳ ಮೇಲೆ ಒಂದು ಪುಸ್ತಕವನ್ನೇ ಬರೆದ; ಅದರಲ್ಲಿ ಈ ಎರಡು ಬಳಗಗಳ ಮೇಲೆ ನಡೆಸಿದ ಪರೀಕ್ಷೆಗಳಿವೆ. ಅವನು ತನ್ನ ದೇಶದ ಜೌಗುಭೂಮಿಯಿಂದ ತಂದ ಗಿಡಗಳ ದಾಯಾದಿಗಳು ನಮ್ಮ ಹಟ್ಟಿಯ ಹಿಂದಿನ ಗುಡ್ಡದಲ್ಲಿವೆ.

ಒಂದು ಮಾತು ನೆನಪಿರಲಿ. ಪಾರೆಗೆ ಗೊಬ್ಬರ ಹಾಕಿ ಹೂವು ಹೆಚ್ಚಿಸುತ್ತೇನೆಂದರೆ ಆಗದು. ಮಣ್ಣು ಬಡವಾಗಿರುವುದರಿಂದಲೇ ಇವು ಅಲ್ಲಿವೆ. ಫಲವತ್ತು ಬಂದರೆ ಒರಟು ಹುಲ್ಲು ಎದ್ದು ಇವನ್ನು ಮುಚ್ಚಿಬಿಡುತ್ತದೆ. ಹಾಗೆಯೇ ಕಿತ್ತು ತಂದು ಅಂಗಳದಲ್ಲಿ ನೆಟ್ಟರೆ ವಾರ ಬಾಳದು.

ಪಾರೆಯ ಅಂಚಿಗೆ ಬಂದರೆ ಬೇರೆ ಹೂವುಗಳು. ಕುರುಚಲಿನ ಮೇಲೆ ಹಬ್ಬಿ ಬೆಂಕಿಯಂತೆ ಹಳದಿ ಕೆಂಪಾಗಿ ಅರಳುವ ಅಗ್ನಿಶಿಖೆ, ಅದನ್ನೇ ಗೌರಿ ಹೂವು ಎನ್ನುವವರೂ ಉಂಟು. ಮಕ್ಕಳ ಕೈಗೆ ಗಡ್ಡೆ ಸಿಗದಂತೆ ನೋಡಿಕೊಳ್ಳಿರಿ, ಪ್ರಾಣ ತೆಗೆಯುವ ವಿಷ ಅದು. ಅಗಳ ಬದಿಯಲ್ಲಿ ನೇರಳೆ ಬಣ್ಣದ ನೆಕ್ಕರೆ, ಕೆಂಪು ಕೇಪಳ, ತೇವದ ಗೋಡೆಗೆ ಅಂಟಿಕೊಂಡ ಕಾಡು ಕರ್ಣಕುಂಡಲ.

ಎಲ್ಲಿ ಹುಡುಕಬೇಕು?

ಗಂಗೊಳ್ಳಿಯ ಪೇಟೆ, ಬಂದರು ನಿಂತಿರುವುದು ಹೊಳೆಗೂ ಕಡಲಿಗೂ ನಡುವಿನ ಮರಳು ನಾಲಿಗೆಯ ಮೇಲೆ, ಅಲ್ಲಿ ಮುರಕಲ್ಲಿಲ್ಲ. ಗುಜ್ಜಾಡಿ ದಾಟಿ ತ್ರಾಸಿ, ಹೊಸಾಡಿನ ಒಳದಾರಿ ಹಿಡಿದರೆ ಏರು ಸುರುವಾಗುತ್ತದೆ. ಅಲ್ಲಿಂದ ಉತ್ತರಕ್ಕೆ ಬೈಂದೂರಿನವರೆಗೂ ಕಡಲಿಗೆ ಸಮಾನಾಂತರವಾಗಿ ಗುಡ್ಡದ ಸಾಲು. ಎಲ್ಲರಿಗೂ ಗೊತ್ತಿರುವುದು ಬೈಂದೂರಿನ ಆಚೆಯ ಒತ್ತಿನೆಣೆ. ಸೂರ್ಯಾಸ್ತ ನೋಡಲು ಜನ ಅಲ್ಲಿಗೆ ಹೋಗುತ್ತಾರೆ, ಕೆಳಗೆ ಸೋಮೇಶ್ವರದ ಕಡಲು, ಮೇಲೆ ಕ್ಷಿತಿಜ ನೇಸರಧಾಮ. ಎಲ್ಲರ ಕಣ್ಣೂ ಪಡುವಣಕ್ಕೆ. ಸೋಣೆ ತಿಂಗಳಲ್ಲಿ ಹೋದರೆ ಒಂದು ಸಲ ಕಾಲಿನ ಬುಡವನ್ನೂ ನೋಡಿರಿ.

ಆದರೆ ಒಳ್ಳೆಯ ಜಾಗಗಳಿಗೆ ಹಲವು ಸಲ ಹೆಸರೇ ಇರುವುದಿಲ್ಲ. ಹುಡುಕುವ ಕ್ರಮ ಮಾತ್ರ ಹೇಳಬಲ್ಲೆ. ಮೊದಲನೆಯದಾಗಿ, ದನ ಮೇಯಿಸುವವರನ್ನು ಕೇಳಿರಿ. ನೀರು ಕೊನೆಗೆ ಆರುವ ಪಾರೆ ಯಾವುದೆಂದು ಅವರಿಗೆ ತಿಳಿದಿರುತ್ತದೆ, ಹೂವು ಹೆಚ್ಚು ಇರುವುದು ಅಲ್ಲಿಯೇ. ದನ ಮೇಯುವ ಪಾರೆಯಲ್ಲಿ ಹೂವು ಇರಲಾರದು ಎಂದುಕೊಳ್ಳಬೇಡಿರಿ. ದನಗಳು ಎತ್ತರದ ಹುಲ್ಲನ್ನು ಕಚ್ಚಿ ತಗ್ಗಿಸುವುದರಿಂದ ಈ ಕುಳ್ಳ ಗಿಡಗಳಿಗೆ ಬಿಸಿಲು ಸಿಗುತ್ತದೆ. ಇನ್ನು ಅಕೇಶಿಯ ತೋಪು ಕಂಡರೆ ಒಳಗೆ ಹೋಗುವ ಶ್ರಮ ಬೇಡ. 1980ರ ದಶಕದಿಂದೀಚೆ ‘ಬೋಳು ಗುಡ್ಡಕ್ಕೆ ಹಸಿರು’ ಎಂದು ಕರಾವಳಿಯುದ್ದಕ್ಕೂ ಅಕೇಶಿಯ ನೆಟ್ಟರು. ಸೌದೆಗೆ ಅನುಕೂಲವಾಯಿತು, ನಿಜ. ಆದರೆ ಅದರ ಎಲೆ ಬಿದ್ದು ದಪ್ಪ ಹಾಸಾದ ಕಡೆ ಈ ಹೂವು ಒಂದೂ ಏಳುವುದಿಲ್ಲ. ಆಗ ನೆಟ್ಟವರಿಗೆ ಪಾರೆಯೂ ಬೋಳಾಗಿಯೇ ಕಂಡಿತ್ತು. ನಮಗೂ ಹಾಗೆಯೇ ಕಂಡಿತ್ತು ಎನ್ನಿ.

ಹೂವಿನ ಹೆಸರು ತಿಳಿಯಬೇಕೆನ್ನುವ ಶಾಲಾ ಮಾಸ್ತರರಿಗೆ, ಕಾಲೇಜು ಹುಡುಗರಿಗೆ ಒಂದು ಸೂಚನೆ: ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿದ್ದ ಕೆ. ಗೋಪಾಲಕೃಷ್ಣ ಭಟ್ಟರು ನಮ್ಮ ಜಿಲ್ಲೆಯ ಗಿಡಗಳನ್ನೆಲ್ಲ ವಿವರಿಸಿ ಬರೆದ ‘ಫ್ಲೋರಾ ಆಫ್ ಉಡುಪಿ’ 2003ರಲ್ಲಿ ಪ್ರಕಟವಾಗಿದೆ. ಇಂಗ್ಲಿಷಿನಲ್ಲಿದ್ದರೂ ಊರಿನ ಕೈಗೆ ನಿಲುಕುವ ಪುಸ್ತಕ.

ನಮ್ಮ ಪಾರೆಯ ಕತೆ

ಇಷ್ಟು ಹೇಳಿದವನು ತನ್ನ ತಪ್ಪನ್ನೂ ಹೇಳಬೇಕು. ನಮ್ಮ ಬೆಟ್ಟುಗದ್ದೆಯ ಮೇಲ್ಗಡೆ ಒಂದು ಪಾರೆ ಇತ್ತು. ಮನೆ ಕಟ್ಟುವಾಗ ಹೊರಗಿನಿಂದ ಕಲ್ಲು ತರುವುದು ದುಬಾರಿಯೆಂದು ಅಲ್ಲಿಯೇ ಕೊಯ್ಯಿಸಿದೆವು. ಮನೆಗೆ ಬೇಕಾದಷ್ಟು ಎದ್ದಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಯಂತ್ರ ಬಂದ ಮೇಲೆ ಹೇಗೂ ಪಾಳು ಜಾಗವೆಂದು ಇನ್ನೂ ಎರಡು ವರ್ಷ ಕೊಯ್ಯಲು ಬಿಟ್ಟೆವು; ನಾನೂ ಬೇಡವೆನ್ನಲಿಲ್ಲ. ಈಗ ಅಲ್ಲಿ ಆಳೆತ್ತರದ ಹೊಂಡ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ದನ ಬೀಳದಂತೆ ಬೇಲಿ ಕಟ್ಟಬೇಕಾಗಿದೆ. ಹೂವು ಉಳಿದಿರುವುದು ತೆಂಕು ಮೂಲೆಯ ನಾಲ್ಕು ಮಾರು ಜಾಗದಲ್ಲಿ.

ಕೆಳಗಿನ ಮಜಲುಗದ್ದೆಯ ಒಸರು ಹಿಂದೆ ಮಾಘ ಮಾಸದವರೆಗೂ ತೇವ ಹಿಡಿಯುತ್ತಿತ್ತು. ಈಗ ಕಾರ್ತಿಕಕ್ಕೇ ನಿಲ್ಲುತ್ತದೆ. ಕಾರಣ ಕಲ್ಲು ಕೊಯ್ದದ್ದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಸುತ್ತಲೂ ಕೊಳವೆ ಬಾವಿಗಳೂ ಆಗಿವೆ. ಆದರೆ ಮುರಕಲ್ಲು ಜೇನುಗೂಡಿನಂತೆ ತೂತು ತೂತಾದ ಕಲ್ಲು. ಬಿದ್ದ ಮಳೆಯನ್ನು ಮೆಲ್ಲಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಅಡಿಯ ಶೇಡಿ ಮಣ್ಣು ನೀರನ್ನು ತಡೆದು ಗುಡ್ಡದ ಬುಡಕ್ಕೆ ಒಸರಾಗಿ ದಾಟಿಸುತ್ತದೆ. ಬೆಟ್ಟು, ಮಜಲು, ಬೈಲು ಎಂದು ನಮ್ಮ ಹಿರಿಯರು ಗದ್ದೆಗಳನ್ನು ವಿಂಗಡಿಸಿದ್ದು ಈ ನೀರಿನ ಮೇಲೆಯೇ. ಮೇಲಿನ ಕಲ್ಲನ್ನು ಎತ್ತಿ ಶೇಡಿಯನ್ನು ಮಳೆಗೆ ತೆರೆದಿಟ್ಟರೆ ಅದು ನೆನೆದು ಗಂಜಿಯಂತಾಗುತ್ತದೆ. 2017ರ ಮಳೆಗಾಲದ ಮೊದಲಿಗೆ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ ರಸ್ತೆಗೆ ಬಂದು ಸಂಚಾರ ನಿಂತದ್ದು ಈ ಭಾಗದ ಎಲ್ಲರಿಗೂ ನೆನಪಿದೆ.

ಇನ್ನು ಜೇನು. ತುಡುವೆ ಸಾಕಿದವರಿಗೆ ಆಷಾಢದ ಕಷ್ಟ ಗೊತ್ತು. ಹೊರಗೆ ಹೂವಿಲ್ಲ, ಹಾರಲು ಬಿಡುವಿಲ್ಲ, ಪೆಟ್ಟಿಗೆಗೆ ಸಕ್ಕರೆ ಪಾಕ ಇಡಬೇಕು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ರಾಜ್ಯದ ಉದ್ದಕ್ಕೂ ತುಡುವೆ ಕುಟುಂಬಗಳು ನಾಶವಾದ ಮೇಲೆ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿತು. ಉಳಿದ ಕುಟುಂಬಗಳು ಮಳೆ ಕಳೆದು ಮೈ ತುಂಬಿಕೊಳ್ಳುವುದು ಗುಡ್ಡದ ಮತ್ತು ಗದ್ದೆ ಅಂಚಿನ ಈ ಸಣ್ಣ ಹೂವುಗಳ ಆಸರೆಯಿಂದ. ಆಮೇಲೆ ತುಂಬೆ ಬರುತ್ತದೆ. ಸೌತೆ, ಹಾಗಲ, ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು ಬಾರದಿದ್ದರೆ ಮಿಡಿ ಸೊಟ್ಟಗಾಗಿ ಉದುರುತ್ತದೆ. ಮದ್ದು ಹೊಡೆದರೆ ಅದು ಸರಿಯಾಗದು.

ಹಾಗೆಂದು ಯಾರೂ ಮನೆಗೆ ಕಲ್ಲು ಕೊಯ್ಯಬಾರದು ಎನ್ನುವಷ್ಟು ದೊಡ್ಡ ಮಾತು ನನ್ನದಲ್ಲ. ಗೋಡೆ ಏಳಬೇಕಲ್ಲ. ಕೊಯ್ಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಜಾಗ ಕುಮ್ಕಿಯಾಗಿದ್ದರೆ ಸೊಪ್ಪು, ಹುಲ್ಲಿನ ಸವಲತ್ತು ನಮ್ಮದಿರಬಹುದು, ನೆಲ ಸರ್ಕಾರದ್ದು. ಇದನ್ನೆಲ್ಲ ವಿಚಾರಿಸುವಾಗ ಸೋಣೆ ತಿಂಗಳಲ್ಲಿ ಒಂದು ಸಲ ಆ ಜಾಗ ನೋಡಿ ಬಂದು ಆಮೇಲೆ ಕರಾರು ಮಾಡಿರಿ ಎಂದಷ್ಟೇ ನನ್ನ ಕೋರಿಕೆ. ಕರಾರು ಆಗುವುದು ಸಾಮಾನ್ಯವಾಗಿ ಬೇಸಗೆಯಲ್ಲಿ, ಪಾರೆ ಸತ್ತಂತೆ ಕಾಣುವಾಗ.

ಪಾರೆ ತಪ್ಪಿದವರಿಗೆ

ಸೋಣೆಯಲ್ಲಿ ಪುರುಸೊತ್ತಾಗದವರಿಗೆ ಬೇರೆ ಕಾಲ, ಬೇರೆ ಜಾಗಗಳೂ ಉಂಟು. ತ್ರಾಸಿ, ಮರವಂತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಮರಳಿನ ಮೇಲೆ ಹಬ್ಬಿದ ಅಡಂಬು ಬಳ್ಳಿಯ ಗುಲಾಬಿ ನೇರಳೆ ಹೂವು ಕಾಣುತ್ತದೆ. ಮರಳನ್ನು ಗಾಳಿಗೆ ಬಿಡದೆ ಹಿಡಿದಿಡುವುದು ಅದೇ ಬಳ್ಳಿ. ಪಂಚಗಂಗಾವಳಿಯ ಹಿನ್ನೀರಿನಲ್ಲಿ ಕಾಂಡ್ಲ ಗಿಡಗಳ ಬುಡದಲ್ಲಿ ಮುಳ್ಳೆಲೆಯ ಹೊಳೆಚುಳ್ಳಿ ಬೇಸಗೆಯ ಮೊದಲಿಗೆ ನೀಲಿ ಹೂವು ಬಿಡುತ್ತದೆ. ಚಿಪ್ಪು ಹೆಕ್ಕುವವರ ದೋಣಿಯಲ್ಲಿ ಹೋದರೆ ಹತ್ತಿರದಿಂದ ನೋಡಬಹುದು. ಫೆಬ್ರವರಿ ಮಾರ್ಚಿನಲ್ಲಿ ಸುರಗಿ. ಅದನ್ನು ಮೂಗೇ ಹುಡುಕಿಕೊಡುತ್ತದೆ. ಮೇ ತಿಂಗಳಲ್ಲಿ ಹಳೆಯ ಹಲಸು, ಮಾವಿನ ಕೊಂಬೆಯಿಂದ ಸೀತಾಳೆ ದಂಡೆ ಜೋತಾಡುವುದನ್ನು ಕಂಡರೆ ನೋಡಿ ಬಿಡಿರಿ, ಕೀಳಬೇಡಿರಿ.

ದೂರ ಹೋಗುವವರಿಗೆ ಹೆಮ್ಮಾಡಿಯಿಂದ ವಂಡ್ಸೆ, ಜಡ್ಕಲ್ ಮೇಲಾಗಿ ಕೊಲ್ಲೂರು, ಅಲ್ಲಿಂದ 1,343 ಮೀಟರು ಎತ್ತರದ ಕೊಡಚಾದ್ರಿ. ಸೆಪ್ಟೆಂಬರು, ಅಕ್ಟೋಬರಿನಲ್ಲಿ ಅಲ್ಲಿಯ ಹುಲ್ಲುಗಾವಲು ಹೂವಾಗಿರುತ್ತದೆ. ಸುತ್ತ ಮೂಕಾಂಬಿಕಾ ವನ್ಯಧಾಮ; ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬೇಕು, ಗಿಡ ಕಿತ್ತರೆ ಅಪರಾಧ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿರಿ. ಚಿಕ್ಕಮಗಳೂರಿನ ಗಿರಿಗಳ ಹನ್ನೆರಡು ವರ್ಷಕ್ಕೊಮ್ಮೆಯ ಕುರಿಂಜಿ 2006ರಲ್ಲೂ 2018ರಲ್ಲೂ ಅರಳಿತ್ತು. ಆ ಲೆಕ್ಕದಲ್ಲಿ ಇನ್ನು 2030. ಮಹಾರಾಷ್ಟ್ರದ ಸಾತಾರದ ಕಾಸ್ ಪಠಾರಕ್ಕೆ 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿ, ಈಗ ಹೂವಿನ ಕಾಲದಲ್ಲಿ ಟಿಕೇಟು ಕೊಟ್ಟು ಒಳಗೆ ಹೋಗಬೇಕು. ಜನರ ತುಳಿತವನ್ನು ತಡೆಯುವುದೇ ಅಲ್ಲಿ ದೊಡ್ಡ ಕೆಲಸವಾಗಿದೆ. ಅದೂ ಮುರಕಲ್ಲಿನ ಪಾರೆಯೇ, ಸಹ್ಯಾದ್ರಿಯ ನೆತ್ತಿಯ ಮೇಲಿನದು. ಎರಿಯೊಕಾಲಾನ್, ಯುಟ್ರಿಕ್ಯುಲೇರಿಯ, ಕರ್ಣಕುಂಡಲ, ಅಲ್ಲಿಯೂ ಇದೇ ಬಳಗಗಳು.

ಪಾರೆಗೆ ಹೋಗುವಾಗ ನೀರು ಹರಿಯುವ ಕಡೆ ಕಾಲಿಡದೆ ಬರಿಕಲ್ಲಿನ ಮೇಲೆ ನಡೆಯಿರಿ. ಮಕ್ಕಳನ್ನು ಕರೆದೊಯ್ಯಿರಿ, ಕುಕ್ಕರುಗಾಲಿನಲ್ಲಿ ಕೂರಲು ಅವರಿಗೆ ನಮ್ಮಷ್ಟು ಕಷ್ಟವಿಲ್ಲ. ಒಂದು ಭೂತಗನ್ನಡಿ ಇದ್ದರೆ ಡ್ರೊಸೆರದ ಎಲೆಯ ಮೇಲೆ ಹಿಡಿದು ತೋರಿಸಿರಿ. ಹೊಸ್ತಿಲಿಗೆ ಹೂವು ಬೇಕಾದರೆ ಅಂಚಿನ ನೆಕ್ಕರೆ, ಕೇಪಳ ಬೇಕಾದಷ್ಟಿದೆ, ಅದನ್ನು ಕೊಯ್ದು ತನ್ನಿರಿ.